ಒದ್ದೆ ಬೆಂಕಿಪೊಟ್ಟಣದ ಕೊನೆಯ ಕಾರ್ಯಕ್ರಮ

ಜಿಗುರ್ಡ್ಸ್: ಸೈಕಲ್ ಹಾಡು ಕೊನೇಲಿ ಬೇಡ. ಮೊದಲನೇದಾಗೇ ಹಾಡಿ ಮುಗಿಸಿಬಿಡೋಣ.

ವಿಲ್ನಿಸ್: ಮುಗಿಸಿಬಿಡೋಣ. ಈ ಮಾತು ಈಚೆಗೆ ನಿನ್ನ ಬಾಯಲ್ಲಿ ಬಹಳ ಸಲೀಸಾಗಿ ಬರ್ತಾ ಇದೆ.

ಜಿಗುರ್ಡ್ಸ್: ಹಾಡು ಮುಗಿಸೋಣ ಅಂದೆ ಕಣೋ.

ವಿಲ್ನಿಸ್: ನಾನೂ ಹಾಡಿನ ವಿಷಯಾನೇ ಹೇಳಿದ್ದು. ನಿನಗೆ ಬೇರೆ ಏನಾದ್ರೂ ಕೇಳಿಸ್ತಾ?

ಜಿಗುರ್ಡ್ಸ್: ನನಗೇನು ಕೇಳಿಸ್ಬೇಕಿತ್ತು?

ವಿಲ್ನಿಸ್: ಅದು ನಿನಗೇ ಗೊತ್ತು.

ಲೀಚುಪೆ ಎಂಬ ಪುಟ್ಟ ಊರು. ಲಾತ್ವಿಯಾದ ಲಿಯೆಪಾಯಾ ಪಟ್ಟಣದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಊರಿನ ಸಂಸ್ಕೃತಿ ಭವನದಲ್ಲಿ, ರಂಗದ ಹಿಂದಿನ ಕೋಣೆಯಲ್ಲಿ, ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೂತಿದ್ದರು. ಐದು ಗಂಟೆಗೆ ಕಾರ್ಯಕ್ರಮ. ಆಗ ನಾಲ್ಕೂ ಇಪ್ಪತ್ತು. ಜಿಗುರ್ಡ್ಸ್ ಗಿಟಾರ್ ನುಡಿಸಿ ಹಾಡುವವನು, ವಿಲ್ನಿಸ್ ಡ್ರಮ್ ಬಾರಿಸುವವನು. ಇವರಿಬ್ಬರೇ ಸೇರಿದರೆ ‘ಒದ್ದೆ ಬೆಂಕಿಪೊಟ್ಟಣ’ ಎಂಬ ರಾಕ್ ತಂಡ. ಮೂವತ್ತೊಂದು ವರ್ಷದಿಂದ ಕುರ್ಜೆಮೆ ಸೀಮೆಯಲ್ಲಿ ಈ ಹೆಸರು ಗೊತ್ತಿಲ್ಲದವರಿಲ್ಲ. ಗೊತ್ತಿರುವವರಿಗೆ ಇವರ ಸೈಕಲ್ ಹಾಡೊಂದರ ಹೊರತು ಇನ್ನೊಂದು ಗೊತ್ತಿಲ್ಲ.

ಸಿಟ್ಟಿಗೆ ಕಾರಣ ಬಾಗಿಲಲ್ಲಿತ್ತು. ವ್ಯಾನು ನಿಲ್ಲಿಸಿ ಇಳಿಯುವಾಗಲೇ ವಿಲ್ನಿಸನ ಕಣ್ಣಿಗೆ ಭಿತ್ತಿಪತ್ರ ಬಿದ್ದಿತ್ತು. ಮೇಲೆ ಇಬ್ಬರ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ‘ಒದ್ದೆ ಬೆಂಕಿಪೊಟ್ಟಣ: ಕೊನೆಯ ಕಾರ್ಯಕ್ರಮ’. ಅವನು ಅದನ್ನು ಮೂರು ಸಲ ಓದಿದ. ಊರೂರಿನವರ ಜೊತೆ ಫೋನಿನಲ್ಲಿ ಮಾತಾಡಿ ದಿನ ಗೊತ್ತುಮಾಡುವುದು ಯಾವಾಗಲೂ ಜಿಗುರ್ಡ್ಸ್. ಅಂದಮೇಲೆ ತಂಡ ಬಿಡುತ್ತೇನೆಂದು ಊರಿಗೆಲ್ಲ ಹೇಳಿ, ಜೊತೆಯವನಿಗೆ ಮಾತ್ರ ಹೇಳದೆ ಇದ್ದಾನೆ. ಇವನಿಗೋಸ್ಕರ ತಾನು ಏನೇನು ನುಂಗಿಕೊಂಡು ಬಂದೆ ಎಂದು ವಿಲ್ನಿಸ್ ಒಂದೊಂದಾಗಿ ನೆನೆದ. ಆದರೂ ತಾನಾಗಿ ಕೇಳಬಾರದು, ಅವನ ಬಾಯಿಂದಲೇ ಬರಲಿ ಎಂದು ಡ್ರಮ್ಮು ಹೊತ್ತು ಒಳಗೆ ಬಂದಿದ್ದ. ಅದೇ ಭಿತ್ತಿಪತ್ರವನ್ನು ಜಿಗುರ್ಡ್ಸ್ ಶೌಚಾಲಯಕ್ಕೆ ಹೋಗುವಾಗ ನೋಡಿದ್ದ ಎಂಬುದು, ಅದಕ್ಕೆ ಫೋಟೋ ಕಳಿಸಿದ್ದು ವಿಲ್ನಿಸನೇ ಆದ್ದರಿಂದ ಇದೆಲ್ಲ ಅವನದೇ ಕೆಲಸವೆಂದು ತೀರ್ಮಾನಿಸಿದ್ದ ಎಂಬುದು ವಿಲ್ನಿಸನಿಗೆ ತಿಳಿಯದು.

ವಿಲ್ನಿಸ್: ಗುಂತಿಸ್‌ನ ನೆನಪಿದೆಯಾ ನಿನಗೆ?

ಜಿಗುರ್ಡ್ಸ್: ಬೇಸ್ ಗಿಟಾರ್ ಗುಂತಿಸ್ಸಾ? ಈಗ್ಯಾಕೆ ಅವನು?

ವಿಲ್ನಿಸ್: ಐರ್ಲೆಂಡಿಗೆ ಅಣಬೆ ಕೀಳೋಕೆ ಹೋಗ್ತೀನಿ, ಮೂರೇ ತಿಂಗಳು, ಬಂದ್ಬಿಡ್ತೀನಿ ಅಂದ. ಇಪ್ಪತ್ತನಾಲ್ಕು ವರ್ಷ ಆಯ್ತು. ಇನ್ನೂ ಅಣಬೆ ಕೀಳ್ತಾ ಇದ್ದಾನೆ. ಆದ್ರೆ ಅವನು ಹೇಳಿ ಹೋದ. ಎದುರಿಗೆ ನಿಂತು ಹೇಳಿದ.

ಜಿಗುರ್ಡ್ಸ್: ಕೀಬೋರ್ಡಿನ ಇನಿತಾನೂ ಹೇಳೇ ಹೋದಳು. ಹಲ್ಲಿನ ಡಾಕ್ಟರನ್ನ ಮದುವೆ ಆಗ್ತೀನಿ, ಇನ್ನು ಶನಿವಾರ ಬರೋಕಾಗಲ್ಲ ಅಂದಳು. ನೇರ ಮಾತು. ಕೆಲವರಿಗೆ ಅಷ್ಟೂ ಧೈರ್ಯ ಇರಲ್ಲ.

ವಿಲ್ನಿಸ್: ಈ ಮಾತು ನೀನು ಹೇಳ್ತಿದ್ದೀಯಲ್ಲ!

ಜಿಗುರ್ಡ್ಸ್: ನಾನಲ್ದೆ ಇನ್ಯಾರು ಹೇಳ್ಬೇಕು? ನಾಲ್ಕು ಜನ ಇದ್ದೋರು ಇಬ್ಬರಾದಾಗ, ಡ್ರಮ್ಮು ಗಿಟಾರು ಎರಡೇ ಸಾಕು, ಇದೇ ಹೊಸ ಫ್ಯಾಷನ್ನು ಅಂತ ರೇಡಿಯೋದಲ್ಲಿ ಬುರುಡೆ ಬಿಟ್ಟೋನು ಯಾರು?

ವಿಲ್ನಿಸ್: ನೀನು. ಸಾಲ್ದುಸ್‌ನಲ್ಲಿ ಪೆಟ್ರೋಲ್ ಬಂಕ್ ಉದ್ಘಾಟನೆ ಒಪ್ಕೊಂಡಿದ್ದೂ ನೀನೇ. ‘ಒದ್ದೆ ಬೆಂಕಿಪೊಟ್ಟಣ’ ಅಂತ ಹೆಸರಿಟ್ಕೊಂಡು ಪೆಟ್ರೋಲ್ ಬಂಕಿನಲ್ಲಿ ಹಾಡಿದ ತಂಡ ಇಡೀ ಯುರೋಪಿನಲ್ಲಿ ನಮ್ಮದೊಂದೇ.

ಜಿಗುರ್ಡ್ಸ್: ಅವರಿಗೆ ‘ಒದ್ದೆ’ ಅನ್ನೋ ಪದ ಧೈರ್ಯ ಕೊಡ್ತು. ಅದು ಬಿಡು. ಯುರೋಪಿನ ಹಾಡಿನ ಸ್ಪರ್ಧೆಗೆ ದೇಶದ ಆಯ್ಕೆ ಸುತ್ತಲ್ಲಿ ಇಂಗ್ಲಿಷ್ ಹಾಡು ಹಾಡೋಣ ಅಂದೋನು ಯಾರು?

ವಿಲ್ನಿಸ್: ಹನ್ನೆರಡನೇ ಸ್ಥಾನ ಬಂತಲ್ಲ.

ಜಿಗುರ್ಡ್ಸ್: ಹನ್ನೆರಡೇ ತಂಡ ಇತ್ತು.

ವಿಲ್ನಿಸ್: ನೀನು ಎರಡನೇ ಚರಣ ಮರೆತು ಲಾತ್ವಿಯಾ ಭಾಷೇಲಿ ಹೊಗೆಯಲ್ಲಿ ಒಣಗಿಸಿದ ಮೀನಿನ ತಿನಿಸುಗಳ ಹೆಸರು ಹೇಳ್ಕೊಂಡು ಹೋದೆ. ನಾನು ಬಾರಿಸ್ತಾನೇ ಇದ್ದೆ. ಬಿಟ್ಟು ಎದ್ದು ಹೋದ್ನಾ? ಹೋಗ್ಲಿಲ್ಲ.

ಜಿಗುರ್ಡ್ಸ್: ಆವತ್ತು ಹೋಗ್ಲಿಲ್ಲ.

ಆ ‘ಆವತ್ತು’ ಎಂಬ ಪದದ ಮೇಲೆ ಬಿದ್ದ ಒತ್ತು ವಿಲ್ನಿಸನಿಗೆ ಅರ್ಥವಾಗಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಬಂದವರು ಭವನವನ್ನು ನೋಡಿಕೊಳ್ಳುವ ಮುದೀತೆ, ಅರವತ್ತು ದಾಟಿದ ಗಟ್ಟಿ ಹೆಂಗಸು. ಒಂದು ಕೈಯಲ್ಲಿ ಜೀರಿಗೆ ಚೀಸ್ ಹಾಕಿದ ಕರಿ ಬ್ರೆಡ್ಡಿನ ತಟ್ಟೆ, ಇನ್ನೊಂದರಲ್ಲಿ ಉದ್ದನೆಯ ಗ್ಲಾಡಿಯೋಲಸ್ ಹೂವಿನ ಕಟ್ಟು.

ಮುದೀತೆ: ಮುಂದಿನ ಸಾಲಿನ ಆಸ್ತ್ರಿದಾ ಕಳಿಸಿದ್ದು. ನಮ್ಮ ಹಳೇ ಅಂಚೆಯಮ್ಮ. ಒಳಗೆ ಬರೋಕೆ ಆಗಲ್ಲ, ಅಳು ಬರುತ್ತೆ ಅಂದಳು. ಸಭಾಂಗಣ ತುಂಬಿ ಶಾಲೆಯಿಂದ ಕುರ್ಚಿ ತರಿಸ್ದೆ. ಕಳೆದ ಸಲ ಅರವತ್ತು ಜನ ಬಂದಿದ್ರು, ನೆನಪಿದೆ ತಾನೆ?

ವಿಲ್ನಿಸ್ ಹೂ ಎಣಿಸಿದ. ಮತ್ತೊಮ್ಮೆ ಎಣಿಸಿದ.

ವಿಲ್ನಿಸ್: ಎಂಟಿದೆ.

ಜಿಗುರ್ಡ್ಸ್: ಏಳಿರುತ್ತೆ, ಸರಿಯಾಗಿ ನೋಡು.

ವಿಲ್ನಿಸ್: ಎಂಟು ಕಣೋ. ಉಸಿರಾಡೋ ಮನುಷ್ಯನಿಗೆ ಯಾರಾದ್ರೂ ಎಂಟು ಹೂ ಕೊಡ್ತಾರಾ? ಮೂರು ಕೊಡ್ತಾರೆ, ಐದು, ಏಳು ಕೊಡ್ತಾರೆ. ಸಮಸಂಖ್ಯೆ ಹೂವು ಇಡೋದು ಹೆಣದ ಮೇಲೆ.

ಮುದೀತೆ: ಎಲ್ಲರೂ ಹಾಗೇ ತಂದಿದ್ದಾರೆ. ಒಬ್ಬರು ಹನ್ನೆರಡು ತಂದಿದ್ದಾರೆ. ಪಾಪ, ಮರ್ಯಾದೆಗೆ.

ಇಬ್ಬರೂ ಬ್ರೆಡ್ಡು ಕೈಗೆತ್ತಿಕೊಂಡು ಕಚ್ಚದೆ ಹಾಗೆಯೇ ಹಿಡಿದಿದ್ದರು. ಮುದೀತೆ ಎದುರಿನ ಸ್ಟೂಲಿನ ಮೇಲೆ ಕೂತು, ತಲೆ ಎತ್ತಿ ಒಂದು ಸಲ ಮೇಲೆ ನೋಡಿ, ನಿಟ್ಟುಸಿರುಬಿಟ್ಟರು.

ಮುದೀತೆ: ಬೇಜಾರು ಮಾಡ್ಕೋಬೇಡಿ. ಒಂದಲ್ಲ ಒಂದು ದಿನ ಆಗ್ಲೇಬೇಕಿತ್ತು. ಎಷ್ಟು ವರ್ಷ ಅಂತ ತೇಪೆ ಹಾಕ್ಕೊಂಡು ಹೋಗೋದು?

ಜಿಗುರ್ಡ್ಸ್: ತೇಪೆ ಅಂದ್ರೆ?

ಮುದೀತೆ: ಮತ್ತೇನು ಅನ್ನಲಿ? ಹೊರಗಿಂದ ನೋಡೋಕೆ ಗಟ್ಟಿ. ಹೋದ ವಾರ ಎಂಜಿನಿಯರು ಬಂದು ಕೋಲಲ್ಲಿ ತಟ್ಟಿ ನೋಡಿದ್ರು. ಒಳಗೆಲ್ಲ ಟೊಳ್ಳು ಅಂದ್ಬಿಟ್ರು.

ವಿಲ್ನಿಸ್: ಎಂಜಿನಿಯರಿಗೆ ಸಂಗೀತ ಏನು ಗೊತ್ತು?

ಮುದೀತೆ: ಇದಕ್ಕೆ ಸಂಗೀತ ಯಾಕೆ ಗೊತ್ತಿರ್ಬೇಕು? ಕಣ್ಣಿದ್ರೆ ಸಾಕು. ನಡುಭಾಗ ಜೋತುಬಿದ್ದಿರೋದು ಕಾಣಲ್ವಾ?

ಜಿಗುರ್ಡ್ಸ್ ಸದ್ದಿಲ್ಲದೆ ಹೊಟ್ಟೆ ಒಳಗೆಳೆದುಕೊಂಡ. ಚರ್ಮದ ಜಾಕೆಟ್ಟಿನ ಗುಂಡಿ ಹಾಕಲು ನೋಡಿದ; ಆ ಗುಂಡಿ ಹತ್ತು ವರ್ಷದಿಂದ ಆಚೆಯ ದಡ ಕಂಡಿರಲಿಲ್ಲ.

ಜಿಗುರ್ಡ್ಸ್: ವಯಸ್ಸಾಗೋದು ಎಲ್ಲರಿಗೂ ಇದ್ದದ್ದೇ, ಮುದೀತೆ ಅವರೇ.

ಮುದೀತೆ: ಅದನ್ನೇ ನಾನೂ ಹೇಳೋದು. ಒಂದಿನ ಯಾರ ತಲೆ ಮೇಲಾದ್ರೂ ಬಿದ್ದು ಪ್ರಾಣ ತೆಗೆಯೋಕೆ ಮುಂಚೆ ತೆಗೆಸಿಬಿಡೋದು ವಾಸಿ. ಅಲ್ದೆ ಮಳೆ ಬಂತು ಅಂದ್ರೆ ಸೋರುತ್ತೆ. ಎರಡು ಬಕೆಟ್ ಇಡ್ಬೇಕು.

ವಿಲ್ನಿಸ್: ನೋಡಿ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಕೇಳ್ಕೊಂಡು ಕೂತಿದ್ದೀನಿ. ಮಳೆಗಾಲದಲ್ಲಿ ನನಗೆ ಸೊಂಟ ಹಿಡ್ಕೊಳ್ಳುತ್ತೆ, ನಿಜ. ಆದ್ರೆ ನನಗೆ ಇವತ್ತಿನವರೆಗೆ ಯಾರೂ ಬಕೆಟ್ ಇಟ್ಟಿಲ್ಲ.

ಮುದೀತೆ: ನಿಮ್ಮ ಸೊಂಟದ ಮಾತು ಎಲ್ಲಿ ಬಂತು ಈಗ? ನಾನು ಛಾವಣಿ ವಿಷಯ ಹೇಳ್ತಾ ಇದ್ದೀನಿ.

ಜಿಗುರ್ಡ್ಸ್: ಯಾವ ಛಾವಣಿ?

ಮುದೀತೆ: ಇದೇ ಛಾವಣಿ. ಸೋಮವಾರದಿಂದ ಒಡೀತಾರೆ. ಒಂದು ವರ್ಷ ಭವನ ಮುಚ್ಚಿರುತ್ತೆ. ರಿಪೇರಿಗೆ ಮುಂಚೆ ಇದೇ ಕೊನೆಯ ಕಾರ್ಯಕ್ರಮ ಅಂತ ಬಾಗಿಲಲ್ಲೇ ಹಾಕಿಲ್ವಾ?

ವಿಲ್ನಿಸ್: ‘ರಿಪೇರಿಗೆ ಮುಂಚೆ’ ಅಂತ ಎಲ್ಲಿದೆ?

ಮುದೀತೆ: ಹೌದಲ್ಲ, ಅದನ್ನ ತೆಗೆಸ್ದೆ. ಅಚ್ಚು ಹಾಕೋರು ಫೋನ್ ಮಾಡಿ, ಜಾಗ ಸಾಲಲ್ಲ, ಒಂದೋ ಛಾವಣಿ ರಿಪೇರಿ ಬಿಡ್ಬೇಕು, ಇಲ್ಲಾ ಡ್ರಮ್ಮಿನವರ ತಲೆ ಬಿಡ್ಬೇಕು ಅಂದ್ರು. ತಲೆ ಇರಲಿ ಅಂದೆ. ತಪ್ಪಾಯ್ತಾ?

ಇಬ್ಬರೂ ಒಮ್ಮೆಲೇ ತಲೆ ಎತ್ತಿ ಛಾವಣಿ ನೋಡಿದರು. ಆಮೇಲೆ ಮುದೀತೆಯ ಕೈ ನಿಧಾನವಾಗಿ ಬಾಯಿಯ ಮೇಲೆ ಹೋಯಿತು. ಅಳುವ ಆಸ್ತ್ರಿದಾ, ಶಾಲೆಯ ಕುರ್ಚಿಗಳು, ಹನ್ನೆರಡು ಹೂವಿನ ಕಟ್ಟು, ಎಲ್ಲ ಒಟ್ಟಿಗೆ ಅವರಿಗೆ ಹೊಳೆದಂತಿತ್ತು.

ಮುದೀತೆ: ಅಯ್ಯೋ ದೇವರೇ. ಇರಿ, ಈಗ್ಲೇ ಹೋಗಿ ಮೈಕಲ್ಲಿ ಹೇಳಿಬರ್ತೀನಿ.

ಅವರು ಓಡಿದರು. ವಿಲ್ನಿಸನಿಗೆ ಎದೆಯ ಮೇಲಿಂದ ದೊಡ್ಡ ಡ್ರಮ್ಮೊಂದನ್ನು ಇಳಿಸಿದಂತಾಯಿತು. ಇವನು ತನ್ನ ಬೆನ್ನ ಹಿಂದೆ ಏನೂ ಮಾಡಿಲ್ಲ. ಗೆಳೆಯ ಗೆಳೆಯನಾಗಿಯೇ ಇದ್ದಾನೆ. ಬ್ರೆಡ್ಡು ಕಚ್ಚಿದ, ಚೀಸಿನ ರುಚಿ ಈಗ ಹತ್ತಿತು.

ಜಿಗುರ್ಡ್ಸ್: ಅಂದ್ರೆ ನೀನು ಬಿಡ್ತಾ ಇಲ್ಲ.

ವಿಲ್ನಿಸ್: ನಾನೆಲ್ಲಿ ಬಿಡ್ತೀನಿ. ನೀನು ಬಿಡ್ತೀಯ ಅಂದ್ಕೊಂಡೆ.

ಜಿಗುರ್ಡ್ಸ್: ನಾನಾ? ಛೆ.

ವಿಲ್ನಿಸ್: ಒಳ್ಳೇದಾಯ್ತು ಬಿಡು.

ಜಿಗುರ್ಡ್ಸ್: ಬಹಳ ಒಳ್ಳೇದಾಯ್ತು.

ವಿಲ್ನಿಸ್: ಹಾಗಾದ್ರೆ ಮುಂದಿನ ಶನಿವಾರ ಟ್ರ್ಯಾಕ್ಟರ್ ಮೇಳ.

ಜಿಗುರ್ಡ್ಸ್: ಅದಾದ್ಮೇಲೆ ಮೀನಿನ ಕಾರ್ಖಾನೆ ವಾರ್ಷಿಕೋತ್ಸವ.

ವಿಲ್ನಿಸ್: ಆಮೇಲೆ ಇನ್ನೂ ಒಂದಿಪ್ಪತ್ತು ವರ್ಷ.

ಜಿಗುರ್ಡ್ಸ್: ಆರಾಮಾಗಿ.

ಎದುರಿನ ಗೋಡೆಯ ಮೇಲೆ ಬಣ್ಣ ಹಚ್ಚಿಕೊಳ್ಳುವವರಿಗೆಂದು ಹಾಕಿದ ಕನ್ನಡಿಯಿತ್ತು. ಅದರಲ್ಲಿ ವಿಲ್ನಿಸನಿಗೆ ಎರಡು ಮುಖ ಕಂಡವು. ಹಲ್ಲು ಕೀಳಿಸಿಕೊಂಡು ಹೊರಬಿದ್ದವರನ್ನು, ಇನ್ನೂ ನಾಲ್ಕಿವೆ, ಬನ್ನಿ ಎಂದು ವಾಪಸ್ಸು ಕರೆದಾಗ ಆಗುವ ಮುಖದಂತಿದ್ದವು ಅವು. ಒಂದು ತನ್ನದು. ಅದು ಹಾಗಿರುವುದು ಏಕೆಂದು ಅವನಿಗೆ ಗೊತ್ತಿತ್ತು. ಇನ್ನೊಂದು ಏಕೆ ಹಾಗಿದೆ?

ವಿಲ್ನಿಸ್: ಜಿಗಿ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬಾರದು. ಭಿತ್ತಿಪತ್ರ ನೋಡಿದ ತಕ್ಷಣ ನಿನಗೆ ಏನನ್ನಿಸ್ತು? ಸಿಟ್ಟು ಬರೋಕೆ ಮುಂಚೆ.

ಜಿಗುರ್ಡ್ಸ್: ಸಿಟ್ಟು ಬರೋಕೆ ಮುಂಚೆಯಾ?

ವಿಲ್ನಿಸ್: ಹೂಂ.

ಜಿಗುರ್ಡ್ಸ್: ನೀನು ಬೇಜಾರು ಮಾಡ್ಕೋಬಾರದು.

ವಿಲ್ನಿಸ್: ಮಾಡ್ಕೊಳ್ಳಲ್ಲ.

ಜಿಗುರ್ಡ್ಸ್: ಅಬ್ಬಾ, ಇನ್ನು ಆ ಹಾಳು ಸೈಕಲ್ ಹಾಡು ಹಾಡೋ ಹಾಗಿಲ್ಲ ಅನ್ನಿಸ್ತು. ಗೋಡೆಗೆ ಒರಗಿಕೊಂಡು ಒಂದು ನಿಮಿಷ ಸುಮ್ಮನೆ ನಿಂತಿದ್ದೆ. ಅಷ್ಟು ಖುಷಿಯಾಯ್ತು. ಆಮೇಲೆ, ನನಗೆ ಹೇಳ್ಲಿಲ್ಲವಲ್ಲ ಇವನು ಅಂತ ಸಿಟ್ಟು ಬಂತು.

ವಿಲ್ನಿಸ್: ಯಾವಾಗಿಂದ ಸಾಕಾಗಿದೆ ನಿನಗೆ?

ಜಿಗುರ್ಡ್ಸ್: ಎರಡು ಸಾವಿರದ ನಾಲ್ಕನೇ ಇಸವಿಯಿಂದ.

ವಿಲ್ನಿಸ್: ನನಗೆ ಎರಡು ಸಾವಿರದ ಎರಡು.

ಜಿಗುರ್ಡ್ಸ್: ಏನಂದೆ?

ವಿಲ್ನಿಸ್: ಈ ಡ್ರಮ್ಮು ಹೊತ್ತು ಹೊತ್ತು ಸೊಂಟ ಬಿದ್ದುಹೋಯ್ತು. ಮನೇಲಿ ಜೇನುಪೆಟ್ಟಿಗೆ ಪಕ್ಕ ಕುರ್ಚಿ ಹಾಕ್ಕೊಂಡು ಕೂರೋಣ ಅನ್ನಿಸುತ್ತೆ. ನಾನು ಬಿಟ್ರೆ ನಿನ್ನ ಗತಿ ಏನು ಅಂತ ಸುಮ್ಮನಿದ್ದೆ. ಗುಂತಿಸ್ ಹೋದಾಗ ನೀನು ಒಂದು ವಾರ ಊಟ ಬಿಟ್ಟಿದ್ದೆಯಲ್ಲ.

ಜಿಗುರ್ಡ್ಸ್: ಆವಾಗ ನನಗೆ ಹೊಟ್ಟೆ ಕೆಟ್ಟಿತ್ತು ಕಣೋ. ನಾನು ನಿನಗೋಸ್ಕರ ಸುಮ್ಮನಿದ್ದೆ. ಈ ಡ್ರಮ್ಮೊಂದು ಇಲ್ದಿದ್ರೆ ಅವನು ಮನೇಲಿ ಹುಚ್ಚನಾಗ್ತಾನೆ ಅಂತ ನಿನ್ನ ಹೆಂಡತಿನೇ ಹೇಳಿದ್ಳು.

ವಿಲ್ನಿಸ್: ದ್ಜಿದ್ರಾನಾ? ನನ್ನನ್ನ ಮನೆಯಿಂದ ಆಚೆ ಇಡೋಕೆ ಹೇಳಿರ್ತಾಳೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಪ್ಪತ್ತು ಚಿಲ್ಲರೆ ವರ್ಷ ಇವನ ಮೇಲಿನ ಕನಿಕರಕ್ಕೆ ಅವನು, ಅವನ ಮೇಲಿನ ಕನಿಕರಕ್ಕೆ ಇವನು ಎಂದು ಟ್ರ್ಯಾಕ್ಟರ್ ಮೇಳದಿಂದ ಪೆಟ್ರೋಲ್ ಬಂಕಿಗೆ, ಪೆಟ್ರೋಲ್ ಬಂಕಿನಿಂದ ಮೀನಿನ ಕಾರ್ಖಾನೆಗೆ ಅಲೆದಿದ್ದರು. ವಿಲ್ನಿಸನಿಗೆ ನಗು ಬರಲು ಶುರುವಾಯಿತು. ಅದು ಎಲ್ಲೋ ಸೊಂಟದ ಹತ್ತಿರ ಹುಟ್ಟಿ ಮೇಲೇರುತ್ತಿತ್ತು.

ಜಿಗುರ್ಡ್ಸ್: ನಗಬೇಡ, ಇನ್ನೂ ಒಂದಿದೆ. ಹೇಳಿಬಿಡ್ತೀನಿ. ನಾನು ಮೇಳದಲ್ಲಿ ಹಾಡ್ತಾ ಇದ್ದೀನಿ.

ವಿಲ್ನಿಸ್: ಯಾವ ಮೇಳ?

ಜಿಗುರ್ಡ್ಸ್: ಗಂಡಸರು ಹೆಂಗಸರು ಸೇರಿ ಹಾಡೋ ಮೇಳ. ಆರು ವರ್ಷದಿಂದ, ಪ್ರತಿ ಗುರುವಾರ. ಕೊನೇ ಸಾಲಲ್ಲಿ ನಿಂತ್ಕೊಂಡು ಮಂದ್ರದಲ್ಲಿ ‘ಊಂ’ ಅಂತೀನಿ. ನನ್ನನ್ನ ಯಾರೂ ನೋಡಲ್ಲ, ಸೈಕಲ್ ಹಾಡು ಯಾರೂ ಕೇಳಲ್ಲ. ಸ್ವರ್ಗ.

ವಿಲ್ನಿಸ್: ಆ ಕಸೂತಿ ಅಂಗಿ ಹಾಕ್ಕೊಂಡು?

ಜಿಗುರ್ಡ್ಸ್: ಸೊಂಟಕ್ಕೆ ನೇಯ್ದ ಪಟ್ಟಿ ಕಟ್ಕೊಂಡು. ಸಂತೋಷಾನಾ ಈಗ? ನಗು, ನಗು.

ವಿಲ್ನಿಸ್: ನಾನು ಹ್ಯಾಗೋ ನಗಲಿ. ನಾನು ಜನಪದ ಕುಣಿತದ ತಂಡದಲ್ಲಿದ್ದೀನಿ.

ಜಿಗುರ್ಡ್ಸ್: ನೀನು?

ವಿಲ್ನಿಸ್: ಐವತ್ತು ದಾಟಿದವರ ತಂಡ. ದ್ಜಿದ್ರಾ ಎಳ್ಕೊಂಡು ಹೋದಳು. ಮಂಡಿ ತನಕ ಉಣ್ಣೆ ಕಾಲುಚೀಲ. ಸುತ್ತಿ ಸುತ್ತಿ ಕುಣೀಬೇಕು. ಅಲ್ಲಿ ಸೊಂಟ ನೋಯಲ್ಲ ಕಣೋ, ಅದೇ ಆಶ್ಚರ್ಯ.

ಜಿಗುರ್ಡ್ಸ್: ಇರು, ಇರು. ಹೋದ ಸಲ ರೀಗಾದಲ್ಲಿ ದೇಶದ ಮೇಳಗಳೆಲ್ಲ ಸೇರೋ ಹಾಡು ಕುಣಿತದ ಹಬ್ಬ ಆದಾಗ ನೀನು ಮೂತ್ರಪಿಂಡದ ಕಲ್ಲು ಅಂತ ಆಸ್ಪತ್ರೇಲಿದ್ದೆಯಲ್ಲ? ಬೇಗ ಗುಣವಾಗ್ಲಿ ಅಂತ ನಾನು ಮೆಸೇಜ್ ಹಾಕಿದ್ದೆ.

ವಿಲ್ನಿಸ್: ಅದು ಬಂದಾಗ ನಾನು ಕ್ರೀಡಾಂಗಣದ ಮಧ್ಯೆ ಒಂಟಿಕಾಲಲ್ಲಿ ನಿಂತಿದ್ದೆ. ನೀನು ಗುಂತಿಸ್‌ನ ನೋಡೋಕೆ ಐರ್ಲೆಂಡಿಗೆ ಹೋಗಿದ್ದೆಯಲ್ಲ? ಇಲ್ಲೂ ಮಳೆ ಅಂತ ಬರೆದಿದ್ದೆ.

ಜಿಗುರ್ಡ್ಸ್: ನಾನು ಮೆರವಣಿಗೇಲಿದ್ದೆ. ಎದುರಿಗೆ ಹುಲ್ಲಿನ ಟೋಪಿ ಹಾಕ್ಕೊಂಡು ಒಬ್ಬ ಹೋಗ್ತಿದ್ದ. ನಮ್ಮ ವಿಲ್ನಿಸ್ ತರಾನೇ ಇದ್ದಾನೆ, ಪಾಪ, ಅವನು ಅಲ್ಲಿ ಆಸ್ಪತ್ರೇಲಿ ಮಲಗಿದ್ದಾನೆ ಅಂತ ಕಣ್ಣಲ್ಲಿ ನೀರು ಬಂತು.

ವಿಲ್ನಿಸ್: ಕೈ ಬೀಸಿದ್ದು ನೀನಾ?

ನಗು ಈಗ ಇಬ್ಬರ ಕೈಗೂ ಸಿಗದಂತಾಯಿತು. ಜಿಗುರ್ಡ್ಸ್ ಗಿಟಾರಿನ ಮೇಲೆ ಬಿದ್ದು ನಕ್ಕ, ಗಿಟಾರೂ ಝೇಂಕರಿಸಿತು. ವಿಲ್ನಿಸ್ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟ. ಮೂವತ್ತೊಂದು ವರ್ಷದಲ್ಲಿ ಇಷ್ಟು ಹಗುರಾಗಿ ಒಟ್ಟಿಗೆ ಕೂತ ನೆನಪೇ ಅವನಿಗಿರಲಿಲ್ಲ.

ವಿಲ್ನಿಸ್: ಹಾಗಾದ್ರೆ ಭಿತ್ತಿಪತ್ರ ಸರಿಯಾಗೇ ಇದೆ.

ಜಿಗುರ್ಡ್ಸ್: ಅಕ್ಷರ ಅಕ್ಷರ ಸರಿ. ಇವತ್ತೇ ಕೊನೆ. ಎಂಟು ಹೂವೂ ಸರಿ.

ವಿಲ್ನಿಸ್: ಮುದೀತೆಗೆ ಹೇಳು ಮೊದ್ಲು, ಮೈಕಲ್ಲಿ ಏನೂ ಹೇಳೋದು ಬೇಡ ಅಂತ.

ಅಷ್ಟರಲ್ಲಿ ಗೋಡೆಯಾಚೆ ಸಭಾಂಗಣದಲ್ಲಿ ಒಂದು ಸದ್ದೆದ್ದಿತು. ಚಪ್ಪಾಳೆ, ಕಾಲು ಬಡಿತ, ಶಿಳ್ಳೆ. ಎಂಜಿನಿಯರ ಲೆಕ್ಕ ಸರಿಯಿದ್ದಿದ್ದರೆ ಛಾವಣಿ ಆಗಲೇ ಬೀಳಬೇಕಿತ್ತು. ಮುದೀತೆ ಕೆಂಪು ಮುಖ ಮಾಡಿಕೊಂಡು ಒಳಗೆ ಬಂದರು.

ಮುದೀತೆ: ಹೇಳ್ಬಿಟ್ಟೆ. ಅವರು ಎಲ್ಲೂ ಹೋಗಲ್ಲ, ಸಾಯೋ ತನಕ ಹಾಡ್ತಾರೆ ಅಂದೆ. ಬನ್ನಿ, ನೋಡಿ ಬನ್ನಿ ಏನಾಗ್ತಿದೆ ಅಂತ.

ಜಿಗುರ್ಡ್ಸ್: ಸಾಯೋ ತನಕ ಅಂತ ಯಾಕಂದ್ರಿ?

ಮುದೀತೆ: ಬಾಯಿಗೆ ಬಂತು.

ಪರದೆಯ ಸಂದಿಯಿಂದ ವಿಲ್ನಿಸ್ ನೋಡಿದ. ಇನ್ನೂರು ಚಿಲ್ಲರೆ ಜನ ತಮ್ಮ ತಮ್ಮ ಹೂವಿನ ಕಟ್ಟು ಬಿಚ್ಚಿ ಒಂದೊಂದು ಹೂ ಕಿತ್ತು ತೆಗೆಯುತ್ತಿದ್ದರು. ಎಂಟು ಏಳಾಗಬೇಕು, ಆರು ಐದಾಗಬೇಕು. ಕಿತ್ತ ಹೂವನ್ನು ಏನು ಮಾಡುವುದೆಂದು ತಿಳಿಯದೆ ಪಕ್ಕದವರಿಗೆ ಕೊಡುತ್ತಿದ್ದರು. ಪಕ್ಕದವರದು ಮತ್ತೆ ಸಮವಾಗಿ, ಅವರು ಆಚೆಯವರಿಗೆ ದಾಟಿಸುತ್ತಿದ್ದರು. ಡೇಲಿಯಾ, ಸೇವಂತಿಗೆಗಳು ಸಾಲಿನಿಂದ ಸಾಲಿಗೆ ಹಾರುತ್ತಿದ್ದವು. ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು, ಇವರು ರಂಗಕ್ಕೆ ಕಾಲಿಡುತ್ತಲೇ ಮೆಟ್ಟಿಲು ಹತ್ತಿ ಬಂದಳು. ಜಿಗುರ್ಡ್ಸನ ಕೈಯಲ್ಲಿದ್ದ ಕಟ್ಟಿನಿಂದ ಒಂದು ಗ್ಲಾಡಿಯೋಲಸ್ ಎಳೆದುಕೊಂಡಳು.

ಆಸ್ತ್ರಿದಾ: ಇದು ನನ್ನ ಮನೆಯ ಹೂದಾನಿಗೆ. ನಲವತ್ತು ವರ್ಷ ಈ ಊರಿಗೆ ಸಾವಿನ ತಂತಿ ಹಂಚಿದ್ದೀನಿ. ತಪ್ಪು ವಿಳಾಸ ಅಂತ ವಾಪಸ್ಸು ತಗೊಂಡಿದ್ದು ಇದೊಂದೇ. ಹಾಡಿ, ಹಾಡಿ.

ಜಿಗುರ್ಡ್ಸ್ ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ತಿರುಗಿ ವಿಲ್ನಿಸನನ್ನು ನೋಡಿದ. ಹೇಳಿಬಿಡಲೇ ಎಂದು ಹುಬ್ಬಿನಲ್ಲೇ ಕೇಳಿದ. ವಿಲ್ನಿಸ್ ಹೂಂ ಎನ್ನಲು ಹೊರಟವನು, ಏಕೆಂದು ತನಗೂ ತಿಳಿಯದೆ, ಕೋಲಿಗೆ ಕೋಲು ತಟ್ಟಿ ಎಣಿಸಿದ: ಒಂದು, ಎರಡು, ಮೂರು, ನಾಲ್ಕು. ಅದು ಸೈಕಲ್ ಹಾಡಿನ ಎಣಿಕೆ.

ಜಿಗುರ್ಡ್ಸನಿಗೆ ಬೇಸರವಾಗದಿರಲೆಂದು ಬಾರಿಸಬೇಕಾಗಿಲ್ಲ ಎಂದು ಗೊತ್ತಾದ ಮೊದಲ ದಿನ ಅದು. ಕೈಗಳು ತಾವೇ ಹೋದವು. ಉಣ್ಣೆ ಕಾಲುಚೀಲ ಹಾಕಿಕೊಂಡು ಸುತ್ತುವಾಗಿನ ಕುಣಿತದ ಲಯ ಅದರೊಳಗೆ ಎಲ್ಲಿಂದಲೋ ನುಸುಳಿಬಂತು. ಜಿಗುರ್ಡ್ಸ್ ಬೆಚ್ಚಿ ತಿರುಗಿ ನೋಡಿ, ಎರಡನೇ ಚರಣದಲ್ಲಿ ಮಂದ್ರಕ್ಕಿಳಿದು ‘ಊಂ’ ಎಂದು ಎಳೆದ. ತೊಂಬತ್ತನಾಲ್ಕನೇ ಇಸವಿಯ ಹಾಡಿಗೆ ಹೊಸ ಬಾಲ ಬಂತು. ಜನ ಎದ್ದು ನಿಂತರು. ಶಾಲೆಯ ಕುರ್ಚಿಗಳು ಮಗುಚಿದವು. ಹಾಡು ಮುಗಿದಾಗ ಮತ್ತೊಮ್ಮೆ ಎಂದು ಕೂಗಿದರು. ಮತ್ತೊಮ್ಮೆ ಹಾಡಿದರು. ಒಟ್ಟು ನಾಲ್ಕು ಸಲ ಹಾಡಿದರು.

ಆರೂವರೆಗೆ, ಬೆವರಿಳಿಸಿಕೊಂಡು, ಇಬ್ಬರೂ ವ್ಯಾನಿಗೆ ಡ್ರಮ್ಮು ತುಂಬುತ್ತಿದ್ದರು. ಹೊರಗೆ ಇನ್ನೂ ಬಿಸಿಲಿತ್ತು.

ಜಿಗುರ್ಡ್ಸ್: ಇವತ್ತು ಹೇಳೋಕಾಗಲಿಲ್ಲ.

ವಿಲ್ನಿಸ್: ಹ್ಯಾಗೆ ಹೇಳೋದು, ಆ ಅಂಚೆಯಮ್ಮನ ಎದುರಿಗೆ.

ಜಿಗುರ್ಡ್ಸ್: ಪತ್ರಿಕೆಗೆ ಬರೆದು ಕಳಿಸೋಣ. ಬಿಟ್ಟಿದ್ದೀವಿ, ಇಬ್ಬರೂ ಒಪ್ಪಿ ಬಿಟ್ಟಿದ್ದೀವಿ ಅಂತ. ನಾಳೆ ಕೂತು ಬರೆಯೋಣ್ವಾ?

ವಿಲ್ನಿಸ್: ನಾಳೆ ಜೇನುಹುಳಕ್ಕೆ ಸಕ್ಕರೆ ಪಾಕ ಇಡ್ಬೇಕು.

ಜಿಗುರ್ಡ್ಸ್: ನಾಡಿದ್ದು?

ವಿಲ್ನಿಸ್: ನಾಡಿದ್ದು ಹ್ಯಾಗಾಗುತ್ತೋ, ಟ್ರ್ಯಾಕ್ಟರ್ ಮೇಳಕ್ಕೆ ಪ್ರಾಕ್ಟೀಸಿದೆಯಲ್ಲ.